ಯಾರ ಕಣ್ಣಿಗೆ ಮರೆ?

ಅಂತರ್ಜಾಲದಲ್ಲಿ ಗುರುತು ಮರೆಸಿಕೊಂಡು ಓಡಾಡಲು ನೆರವಾಗುವ ಸಾಧನಗಳ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಮೊದಲನೆಯದನ್ನು ಜಾಹೀರಾತುಗಳು ಕಲಿಸಿವೆ: ಒಂದು ಆ್ಯಪ್ ಹಾಕಿಕೊಂಡು ಗುಂಡಿ ಒತ್ತಿದರೆ ಸಾಕು, ನೀವು ಯಾರೆಂಬುದು ಯಾರಿಗೂ ತಿಳಿಯದು. ಎರಡನೆಯದು ಮನೆಯ ಹಿರಿಯರಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರ ಬಾಯಲ್ಲೂ ಬರುವ ಮಾತು: ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಮುಸುಕು ಯಾಕೆ? ಒಂದು ನಂಬಿಕೆಯ ಪ್ರಕಾರ ಇವು ಮಾಯದ ಕಂಬಳಿ, ಇನ್ನೊಂದರ ಪ್ರಕಾರ ಕಳ್ಳನ ಕಂಬಳಿ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಎದುರು. ಒಬ್ಬ ಸಾಧನವನ್ನು ಕೊಂಡಾಡುತ್ತಾನೆ, ಇನ್ನೊಬ್ಬ ಶಂಕಿಸುತ್ತಾನೆ. ಆದರೆ ಎರಡೂ ಒಂದೇ ತಪ್ಪಿನ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳು ಎಂಬುದು ನನ್ನ ವಾದ.

ತಪ್ಪು ಯಾವುದೆಂದು ಹೇಳುವ ಮುನ್ನ ಎರಡಕ್ಕೂ ನ್ಯಾಯ ಸಲ್ಲಿಸಬೇಕು. ಮೊದಲ ನಂಬಿಕೆಗೆ ಆಧಾರವಿಲ್ಲದಿಲ್ಲ. ನಾವು ಯಾವ ಜಾಲತಾಣಕ್ಕೆ ಹೋದರೂ ನಮ್ಮ ಸಂಪರ್ಕದ ಐಪಿ ವಿಳಾಸ ಅಲ್ಲಿ ದಾಖಲಾಗುತ್ತದೆ. ನಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಬಳಸಿದರೆ ಆ ವಿಳಾಸದ ಜಾಗದಲ್ಲಿ ಸಿಂಗಪುರದ್ದೋ ನೆದರ್‌ಲೆಂಡ್ಸ್‌ನದೋ ಇನ್ನೊಂದು ವಿಳಾಸ ಬೀಳುತ್ತದೆ. ಇದು ನಿಜವಾದ ಬದಲಾವಣೆ, ಕಣ್ಕಟ್ಟಲ್ಲ. ಎರಡನೆಯ ನಂಬಿಕೆಯೂ ಬರೀ ಹಟವಲ್ಲ. ಸಮಾಜ ನಿಂತಿರುವುದೇ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದರ ಮೇಲೆ. ಸಾಲ ಕೊಡುವವನಿಗೆ ಸಾಲಗಾರನ ಹೆಸರು ಬೇಕು, ಬೈಸಿಕೊಂಡವನಿಗೆ ಬೈದವನ ಹೆಸರು ಬೇಕು. ಸಹಿಯಿಲ್ಲದ ಮೂಕರ್ಜಿಯನ್ನು ನಮ್ಮ ಕಚೇರಿಗಳು ಅನುಮಾನದಿಂದ ನೋಡುವುದಕ್ಕೂ ಕಾರಣವಿದೆ. ಹೆಸರು ಮರೆಸಿದ ಕೂಡಲೇ ಹೊಣೆಯೂ ಮರೆಯಾಗುತ್ತದೆ ಎಂಬ ಭಯ ಅನುಭವದಿಂದಲೇ ಬಂದದ್ದು.

ಹಾಗಾದರೆ ತೊಡಕು ಎಲ್ಲಿದೆ? ಅನಾಮಿಕತೆಯನ್ನು ಇಬ್ಬರೂ ಒಂದು ವಸ್ತುವಿನ ಗುಣವೆಂದು ಭಾವಿಸಿದ್ದಾರೆ. ಬಟ್ಟೆಗೆ ಬಣ್ಣ ಇರುವಂತೆ, ಸಾಧನಕ್ಕೆ ಅನಾಮಿಕತೆ ಇರುತ್ತದೆ ಎಂಬಂತೆ. ಆದರೆ ಇದು 'ದೂರ' ಎಂಬ ಪದದ ಜಾತಿಗೆ ಸೇರಿದ್ದು. 'ಆ ಊರು ಬಹಳ ದೂರ' ಎಂದು ಯಾರಾದರೂ ಹೇಳಿದರೆ 'ಎಲ್ಲಿಂದ?' ಎಂದು ತಕ್ಷಣ ಕೇಳುತ್ತೇವೆ. 'ಈ ಸಾಧನ ಗುರುತು ಮರೆಸುತ್ತದೆ' ಎಂದಾಗ ಮಾತ್ರ 'ಯಾರಿಂದ?' ಎಂದು ಕೇಳುವುದಿಲ್ಲ. ಈ ಒಂದು ಪ್ರಶ್ನೆ ಬಿಟ್ಟುಹೋದದ್ದರಿಂದಲೇ ಒಬ್ಬ ಅತಿಯಾಗಿ ನಂಬುತ್ತಾನೆ, ಇನ್ನೊಬ್ಬ ಅತಿಯಾಗಿ ಹೆದರುತ್ತಾನೆ.

ಪ್ರಶ್ನೆಯನ್ನು ಕೇಳಿಯೇ ನೋಡೋಣ. ದಾವಣಗೆರೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡನ ಹೊಡೆತ ತಾಳಲಾರದ ಹೆಣ್ಣುಮಗಳೊಬ್ಬಳು ರಾತ್ರಿ ಮೊಬೈಲ್ ಹಿಡಿದು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ತನಗೇನು ರಕ್ಷಣೆ ಇದೆ ಎಂದು ಹುಡುಕುತ್ತಿದ್ದಾಳೆ. ಆ ಒಂದು ಹುಡುಕಾಟಕ್ಕೆ ಎಷ್ಟು ಜನ ಸಾಕ್ಷಿಗಳು?

1. ಆ ಫೋನನ್ನು ಆಮೇಲೆ ಕೈಗೆತ್ತಿಕೊಳ್ಳುವವರು. ಬ್ರೌಸರಿನ ಹಿಸ್ಟರಿ ತೆರೆದರೆ ಎಲ್ಲವೂ ಸಾಲಾಗಿ ಕಾಣುತ್ತದೆ.

2. ಮನೆಯ ವೈಫೈ ಹತೋಟಿ ಇರುವವರು ಮತ್ತು ಇಂಟರ್ನೆಟ್ ಸಂಪರ್ಕ ಕೊಟ್ಟ ಕಂಪನಿ. ಇಂದು ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್ ಗೂಢಲಿಪಿ ಬಳಸುವುದರಿಂದ ಅವಳು ಓದಿದ ಪುಟ ಇವರಿಗೆ ಕಾಣದು. ಯಾವ ತಾಣಕ್ಕೆ ಹೋದಳು, ಎಷ್ಟು ಹೊತ್ತಿಗೆ ಹೋದಳು ಎಂಬುದು ಸಾಮಾನ್ಯವಾಗಿ ಕಾಣುತ್ತದೆ.

3. ಅವಳು ತೆರೆದ ಜಾಲತಾಣ. ಅದಕ್ಕೆ ಐಪಿ ವಿಳಾಸ, ಫೋನಿನ ಮಾದರಿ, ಓದಿದ ಪುಟ ಎಲ್ಲವೂ ಗೊತ್ತು; ಹೆಸರು ಮಾತ್ರ ತಾನಾಗಿ ಗೊತ್ತಾಗದು.

4. ಆ ಪುಟದೊಳಗೆ ಕುಕೀ ಮತ್ತು ಕೋಡ್ ತುಣುಕುಗಳನ್ನು ಇಟ್ಟಿರುವ ಜಾಹೀರಾತು ಸಂಸ್ಥೆಗಳು. ಇವು ಒಂದು ತಾಣದಿಂದ ಇನ್ನೊಂದಕ್ಕೆ ಅವಳ ಹಿಂದೆಯೇ ನಡೆಯುತ್ತವೆ.

5. ಅವಳು ಲಾಗಿನ್ ಆಗಿರುವ ಖಾತೆಯ ಕಂಪನಿ. ಇದಕ್ಕೆ ಹೆಸರು, ಫೋನ್ ನಂಬರು ಮೊದಲೇ ಗೊತ್ತು.

6. ಸರ್ಕಾರ. ಸಾಮಾನ್ಯವಾಗಿ ಅದು ನೇರವಾಗಿ ನೋಡುತ್ತಿರುವುದಿಲ್ಲ. ಮೇಲಿನ ಯಾರ ಬಳಿ ದಾಖಲೆ ಇದೆಯೋ ಅವರಿಂದ ಕಾನೂನಿನ ಬಲದಿಂದ ಕೇಳಿ ಪಡೆಯಬಲ್ಲದು.

ಈಗ ಸಾಧನಗಳನ್ನು ಒಂದೊಂದಾಗಿ ಈ ಪಟ್ಟಿಗೆ ಹೊಂದಿಸೋಣ. ಇನ್‌ಕಾಗ್ನಿಟೊ ಎಂದು ಕರೆಯುವ ಖಾಸಗಿ ಕಿಟಕಿ ಮುಚ್ಚುವುದು ಮೊದಲನೆಯ ಕಣ್ಣನ್ನು ಮಾತ್ರ. ಕಿಟಕಿ ಮುಚ್ಚಿದ ಮೇಲೆ ಹಿಸ್ಟರಿ, ಕುಕೀಗಳು ಫೋನಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ವೈಫೈ, ಕಂಪನಿ, ಜಾಲತಾಣ ಎಲ್ಲವೂ ಮೊದಲಿನಂತೆಯೇ ನೋಡುತ್ತಿರುತ್ತವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ಇದನ್ನು ಗೇಲಿ ಮಾಡುವವರಿದ್ದಾರೆ. ಗೂಗಲ್ ವಿರುದ್ಧ 2020ರಲ್ಲಿ ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯ ತಿರುಳೂ ಇದೇ ಆಗಿತ್ತು: ಇನ್‌ಕಾಗ್ನಿಟೊದಲ್ಲಿದ್ದಾಗಲೂ ಕಂಪನಿ ತಮ್ಮ ಓಡಾಟದ ಮಾಹಿತಿ ಸಂಗ್ರಹಿಸುತ್ತಿತ್ತು ಎಂಬುದು ಬಳಕೆದಾರರ ದೂರು. 2024ರ ರಾಜಿ ಒಪ್ಪಂದದಲ್ಲಿ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಗೂಗಲ್ ಒಪ್ಪಿತು. ಆದರೆ ನಮ್ಮ ದಾವಣಗೆರೆಯ ಹೆಣ್ಣುಮಗಳ ದೃಷ್ಟಿಯಿಂದ ನೋಡಿ. ಅವಳ ಭಯ ಜಾಹೀರಾತು ಕಂಪನಿಯಲ್ಲ, ಬೆಳಿಗ್ಗೆ ಫೋನ್ ಎತ್ತಿಕೊಳ್ಳುವ ಗಂಡ. ಪರಿಣತರು ಕೈಲಾಗದ್ದೆಂದು ತಳ್ಳಿಹಾಕುವ ಈ ಸಾಧನವೇ ಅವಳಿಗೆ ಎಲ್ಲಕ್ಕಿಂತ ಹತ್ತಿರದ ಆಸರೆ. ಬಲವಾದದ್ದೆಂದು ಹೊಗಳುವ ಸಾಧನವೊಂದರ ಚಿಹ್ನೆ ಅವಳ ಫೋನಿನಲ್ಲಿ ಕಂಡರೆ ಅದೇ ಹೊಸ ಜಗಳಕ್ಕೆ ನೆಪವಾದೀತು. ಗಂಡ ಅವಳ ಫೋನಿನಲ್ಲಿ ಬೇಹುಗಾರಿಕೆಯ ಆ್ಯಪ್ ಹಾಕಿಟ್ಟಿದ್ದರಂತೂ ಯಾವ ಸಾಧನವೂ ಉಪಯೋಗಕ್ಕೆ ಬಾರದು. ಆಗ ಬೇಕಾದದ್ದು ಬೇರೆಯವರ ಫೋನು. ಸಾಧನದ ಬಲ ಸಾಧನದಲ್ಲಿಲ್ಲ, ಎದುರಾಳಿ ಯಾರೆಂಬುದರಲ್ಲಿದೆ.

ವಿಪಿಎನ್ ಎರಡನೆಯ ಕಣ್ಣನ್ನು ಮುಚ್ಚುತ್ತದೆ, ಮೂರನೆಯದರ ಮುಂದೆ ವಿಳಾಸ ಬದಲಿಸುತ್ತದೆ. ಆದರೆ ಇಲ್ಲಿ ನಡೆಯುವುದು ಮರೆಯಾಗುವುದಲ್ಲ, ನಂಬಿಕೆಯ ವರ್ಗಾವಣೆ. ಇಷ್ಟು ದಿನ ಇಂಟರ್ನೆಟ್ ಕಂಪನಿ ನೋಡುತ್ತಿದ್ದುದನ್ನೆಲ್ಲ ಈಗ ವಿಪಿಎನ್ ಕಂಪನಿ ನೋಡುತ್ತದೆ. ಕಣ್ಣು ಬದಲಾಯಿತು, ನೋಟ ತಪ್ಪಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಯೂ ಕಣ್ಣೆದುರಿಗಿದೆ. ಒನಾವೊ ಎಂಬ ಇಸ್ರೇಲಿನ ಸಂಸ್ಥೆಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ಮಾಹಿತಿಯನ್ನು ಕಾಪಾಡುವ ವಿಪಿಎನ್ ಎಂದು ಪ್ರಚಾರವಾಗಿದ್ದ ಅದರ ಆ್ಯಪ್, ಜನ ಯಾವ ಯಾವ ಆ್ಯಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂಬ ಲೆಕ್ಕವನ್ನು ಫೇಸ್‌ಬುಕ್ಕಿಗೆ ಒಪ್ಪಿಸುತ್ತಿತ್ತು. 2018ರಲ್ಲಿ ಅದು ಆ್ಯಪಲ್‌ನ ಆ್ಯಪ್ ಅಂಗಡಿಯಿಂದ ಹೊರಬಿತ್ತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಇದಕ್ಕಾಗಿ ಮೆಟಾದ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಅಂಗಸಂಸ್ಥೆಗಳಿಗೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಬಿಟ್ಟಿ ಸಿಗುವ ವಿಪಿಎನ್ ಹಾಕಿಕೊಂಡು ನಿಶ್ಚಿಂತೆಯಿಂದಿರುವವರು, ಅದರ ಸರ್ವರ್ ಬಾಡಿಗೆ ಕಟ್ಟುತ್ತಿರುವವರು ಯಾರೆಂದು ಒಮ್ಮೆ ಕೇಳಿಕೊಳ್ಳಬೇಕು. ಹಾಗೆಂದು ವಿಪಿಎನ್ ನಿಷ್ಪ್ರಯೋಜಕವೆಂದಲ್ಲ. ರೈಲು ನಿಲ್ದಾಣದ ವೈಫೈಯನ್ನು ನಂಬಲಾರದವನು ತನಗೆ ಗೊತ್ತಿರುವ ಕಂಪನಿಯನ್ನು ನಂಬುವುದು ವಿವೇಕವೇ. ಅದು ಅನಾಮಿಕತೆಯಲ್ಲ ಎಂಬುದಷ್ಟು ನೆನಪಿರಬೇಕು.

ಟಾರ್ ಎಂಬ ಜಾಲ ಬೇರೆ ದಾರಿ ಹಿಡಿಯುತ್ತದೆ. ಅದು ನಂಬಿಕೆಯನ್ನು ಒಬ್ಬನಿಗೆ ಒಪ್ಪಿಸುವ ಬದಲು ಮೂವರಿಗೆ ಹಂಚುತ್ತದೆ. ನಮ್ಮ ಕೋರಿಕೆ ಈರುಳ್ಳಿಯಂತೆ ಪದರ ಪದರವಾಗಿ ಗೂಢಲಿಪಿಯಲ್ಲಿ ಸುತ್ತಿಕೊಂಡು ಮೂರು ಕಂಪ್ಯೂಟರುಗಳ ಮೂಲಕ ಸಾಗುತ್ತದೆ. ಒಬ್ಬೊಬ್ಬರೂ ಒಂದೊಂದು ಸಿಪ್ಪೆ ಸುಲಿಯುತ್ತಾರೆ. ಮೊದಲನೆಯವನಿಗೆ ಕಳಿಸಿದವರು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯವನಿಗೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಈ ಕಲ್ಪನೆ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ಮಿಲಿಟರಿಯವರು ತಮ್ಮ ಗುಟ್ಟಿಗೆಂದು ಕಟ್ಟಿದ್ದನ್ನು ಊರಿಗೆಲ್ಲ ಬಿಟ್ಟುಕೊಟ್ಟದ್ದೇಕೆ? ಔದಾರ್ಯವೊಂದೇ ಕಾರಣವಲ್ಲ, ಲೆಕ್ಕಾಚಾರವೂ ಇದೆ. ಆ ಜಾಲವನ್ನು ನೌಕಾಪಡೆಯೊಂದೇ ಬಳಸಿದರೆ ಅದರಿಂದ ಹೊರಬರುವ ಪ್ರತಿಯೊಬ್ಬನೂ ನೌಕಾಪಡೆಯವನೆಂದು ತಾನಾಗಿ ಗೊತ್ತಾಗುತ್ತದೆ. ಪತ್ರಕರ್ತ, ವಿದ್ಯಾರ್ಥಿ, ವ್ಯಾಪಾರಿ ಎಲ್ಲರೂ ಬೆರೆತಾಗಲೇ ಬೇಹುಗಾರನಿಗೂ ಮರೆ. ಅನಾಮಿಕತೆಯನ್ನು ಕೊಡುವುದು ಮುಸುಕಲ್ಲ, ಗುಂಪು. ಜಾತ್ರೆಯಲ್ಲಿ ಮುಖ ತೆರೆದು ನಡೆದರೂ ಯಾರೂ ಗುರುತಿಸರು; ಖಾಲಿ ಬೀದಿಯಲ್ಲಿ ಮುಸುಕು ಹಾಕಿ ನಡೆದವನನ್ನು ಎಲ್ಲರೂ ತಿರುಗಿ ನೋಡುತ್ತಾರೆ.

ಈ ಮಾತಿನ ಪುರಾವೆ 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಪರೀಕ್ಷೆ ತಪ್ಪಿಸಲು ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ. ಇಮೇಲ್ ಟಾರ್‌ನಿಂದ ಬಂದದ್ದೆಂದು ತಿಳಿದ ತನಿಖೆದಾರರು ಟಾರ್ ಅನ್ನು ಭೇದಿಸಲು ಹೋಗಲೇ ಇಲ್ಲ. ವಿಶ್ವವಿದ್ಯಾಲಯದ ವೈಫೈ ದಾಖಲೆ ತೆಗೆದು, ಆ ಹೊತ್ತಿಗೆ ಟಾರ್‌ಗೆ ಸಂಪರ್ಕ ಪಡೆದವರು ಯಾರೆಂದು ನೋಡಿದರು. ಹುಡುಗ ಸಿಕ್ಕಿ, ವಿಚಾರಿಸಿದಾಗ ಒಪ್ಪಿಕೊಂಡ. ಟಾರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಅವನ ಸುತ್ತ ಗುಂಪು ಇರಲಿಲ್ಲ. ಟಾರ್‌ನ ಇನ್ನೊಂದು ಮಿತಿ 2007ರಲ್ಲೇ ಬಯಲಾಗಿತ್ತು. ಸ್ವೀಡನ್ನಿನ ಡಾನ್ ಎಗರ್ಸ್ಟಾಡ್ ಎಂಬ ಭದ್ರತಾ ತಜ್ಞ ಈ ಜಾಲದ ಕೊನೆಯ ಕಂಪ್ಯೂಟರುಗಳಲ್ಲಿ ಕೆಲವನ್ನು ತಾನೇ ನಡೆಸಿ, ತನ್ನ ಮೂಲಕ ಹಾದುಹೋದ ರಾಯಭಾರ ಕಚೇರಿಗಳ ಇಮೇಲ್ ಪಾಸ್‌ವರ್ಡ್‌ಗಳನ್ನು ಬಹಿರಂಗಪಡಿಸಿದ. ಆ ಪಟ್ಟಿಯಲ್ಲಿ ಭಾರತದವೂ ಇದ್ದವು. ಕೊನೆಯ ಸಿಪ್ಪೆ ಸುಲಿದ ಮೇಲೆ ಒಳಗಿನ ಕಾಗದ ಬಿಚ್ಚಿಯೇ ಇದ್ದರೆ ಸುಲಿದವನು ಓದಬಲ್ಲ. ಯಾರು ಕಳಿಸಿದ್ದೆಂಬುದನ್ನು ಮರೆಸುವುದು ಬೇರೆ, ಏನು ಬರೆದಿದೆ ಎಂಬುದನ್ನು ಮುಚ್ಚುವುದು ಬೇರೆ.

ಇಷ್ಟೆಲ್ಲ ಮಾಡಿ ವಿಳಾಸ ಮರೆಸಿದರೂ ಉಳಿಯುವುದೊಂದಿದೆ: ನಾವು. ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಸಮಯವಲಯ, ಬ್ರೌಸರಿನ ಆವೃತ್ತಿ, ಇವುಗಳಲ್ಲಿ ಒಂದೊಂದೂ ಸಾಮಾನ್ಯ. ಎಲ್ಲವನ್ನೂ ಕೂಡಿಸಿದರೆ ಬೆರಳಚ್ಚು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿದಾಗ ಶೇ. 83ಕ್ಕೂ ಹೆಚ್ಚಿನವು ಒಂದರಂತೆ ಇನ್ನೊಂದಿರಲಿಲ್ಲ. ಟಾರ್ ಬ್ರೌಸರ್ ತನ್ನ ಬಳಕೆದಾರರೆಲ್ಲರೂ ಒಂದೇ ಥರ ಕಾಣುವಂತೆ ಕಿಟಕಿಯ ಅಳತೆಯನ್ನು ಕೂಡ ನಿಗದಿತ ಗಾತ್ರಗಳಿಗೆ ಹೊಂದಿಸುವುದು ಇದೇ ಕಾರಣಕ್ಕೆ. ಬೆರಳಚ್ಚನ್ನು ಅಳಿಸಬಹುದು, ಆಸಕ್ತಿಯನ್ನು ಅಳಿಸುವುದು ಹೇಗೆ? 2006ರಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಪ್ರಕಟಿಸಿತು. ಊರಿನ ಹೆಸರು, ಮನೆತನದ ಹೆಸರು, ಕಾಯಿಲೆ, ನಾಯಿ ಎಂದೆಲ್ಲ ಒಂದೇ ಸಂಖ್ಯೆಯಡಿ ಬಿದ್ದಿದ್ದ ಹುಡುಕಾಟಗಳನ್ನು ಜೋಡಿಸಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಜಾರ್ಜಿಯಾ ರಾಜ್ಯದ ವೃದ್ಧೆಯೊಬ್ಬರ ಮನೆಬಾಗಿಲಿಗೇ ಹೋಗಿ ನಿಂತರು. ಕನ್ನಡ ಓದುಗರಿಗೆ ಇದು ತೀರ ಹೊಸ ವಿಚಾರವೇನಲ್ಲ. ಬಸವಣ್ಣ ತನ್ನ ವಚನಗಳಿಗೆ ಹಾಕಿದ್ದು ತನ್ನ ಹೆಸರನ್ನಲ್ಲ, ಕೂಡಲಸಂಗಮದೇವನ ಹೆಸರನ್ನು. ಆದರೆ ಇಂದು ಆ ಅಂಕಿತ ಕಂಡರೆ ಸಾಕು, ವಚನ ಯಾರದೆಂದು ಹೇಳಿಬಿಡುತ್ತೇವೆ. ಒಂದೇ ಅಂಕಿತ ಮತ್ತೆ ಮತ್ತೆ ಬಂದರೆ ಅದೇ ಹೆಸರಾಗುತ್ತದೆ. ಟಾರ್ ತೆರೆದು ತನ್ನ ಎಂದಿನ ಇಮೇಲಿಗೆ ಲಾಗಿನ್ ಆಗುವವನು ಮುಸುಕಿನ ಮೇಲೆ ತನ್ನ ಹೆಸರು ಬರೆದುಕೊಂಡಂತೆ.

ಇಲ್ಲಿಗೆ ಮೊದಲ ನಂಬಿಕೆ ಬಿದ್ದಿತು. ಆದರೆ ಅದು ಬಿದ್ದ ಜಾಗದಲ್ಲೇ ಮೂರನೆಯದೊಂದು ಏಳುವ ಅಪಾಯವಿದೆ: ಯಾವುದೂ ಪೂರ್ತಿ ಮರೆಸಲಾರದೆಂದಾದರೆ ಯಾವುದೂ ಬೇಡ. ಇದು ದುಡುಕು. ಕಣ್ಗಾವಲಿನಲ್ಲಿ ಎರಡು ಬಗೆಯಿದೆ: ಬಲೆ ಮತ್ತು ಗಾಳ. ಬಲೆ ಬೀಸುವವನಿಗೆ ಯಾವ ಮೀನು ಎಂಬ ಚಿಂತೆಯಿಲ್ಲ, ಬಂದದ್ದನ್ನೆಲ್ಲ ಬಾಚುತ್ತಾನೆ. ಜಾಹೀರಾತು ಸಂಸ್ಥೆಗಳದ್ದು, ಎಲ್ಲರ ದಾಖಲೆ ಕೂಡಿಡುವ ವ್ಯವಸ್ಥೆಗಳದ್ದು ಈ ಬಗೆ. ಗಾಳ ಹಾಕುವವನು ಒಂದು ಮೀನಿಗಾಗಿ ಕಾದು ಕೂರಬೇಕು. ಸಮಯ, ದುಡ್ಡು, ಕಾರಣ ಮೂರೂ ಬೇಕು. ಅನಾಮಿಕ ಸಾಧನಗಳು ಗಾಳದಿಂದ ತಪ್ಪಿಸುವುದು ಅಪರೂಪ. ಹಾರ್ವರ್ಡಿನ ಹುಡುಗ ಸಿಕ್ಕಿದ್ದು ಗಾಳಕ್ಕೆ. ಆದರೆ ಬಲೆಯನ್ನು ಅವು ಹರಿಯಬಲ್ಲವು. ನೋಡಬೇಕೆನ್ನುವವನು ಪ್ರತಿಯೊಬ್ಬನನ್ನೂ ಬೇರೆ ಬೇರೆಯಾಗಿ, ಕಾರಣ ಕೊಟ್ಟು, ಕಷ್ಟಪಟ್ಟು ನೋಡುವಂತೆ ಮಾಡುವುದೇ ಇವುಗಳ ನಿಜವಾದ ಲಾಭ. ಸಣ್ಣ ಲಾಭವೆನಿಸಬಹುದು, ಪೌರನಿಗೂ ಪ್ರಭುತ್ವಕ್ಕೂ ನಡುವಿನ ಗಡಿ ನಿಂತಿರುವುದು ಇಂಥ ಕಷ್ಟಗಳ ಮೇಲೆಯೇ. ಮನೆ ಶೋಧಿಸಲು ವಾರೆಂಟ್ ಬೇಕೆನ್ನುವ ನಿಯಮವೂ ಇಂಥದೇ ಒಂದು ಕಷ್ಟ.

ಇನ್ನು ಎರಡನೆಯ ನಂಬಿಕೆ. ಇದರ ಬಲವಾದ ರೂಪವನ್ನೇ ಎದುರಿಸಬೇಕು. ಮಕ್ಕಳನ್ನು ಶೋಷಿಸುವ ಚಿತ್ರಗಳ ವ್ಯಾಪಾರ, ಮಾದಕ ವಸ್ತುಗಳ ಮಾರಾಟ, ಆಸ್ಪತ್ರೆಗಳ ಕಂಪ್ಯೂಟರಿಗೆ ಬೀಗ ಜಡಿದು ಹಣ ಕೇಳುವ ಗ್ಯಾಂಗುಗಳು, ಇವೆಲ್ಲ ಈ ಸಾಧನಗಳ ಮರೆಯಲ್ಲಿ ನಡೆದಿವೆ. ಇದನ್ನು ಅಲ್ಲಗಳೆಯುವವರು ಪ್ರಾಮಾಣಿಕರಲ್ಲ. ಇದೇ ಆತಂಕದಿಂದ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿ, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಬಳಕೆಯ ಉದ್ದೇಶ ಇವನ್ನೆಲ್ಲ ಗ್ರಾಹಕ ಬಿಟ್ಟುಹೋದ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕೆಂದಿತು. ಕಂಪನಿಗಳು ತಮ್ಮ ಸಿಬ್ಬಂದಿಗೆಂದು ನಡೆಸುವ ವಿಪಿಎನ್‌ಗಳಿಗೆ ಇದು ಅನ್ವಯಿಸದು. ಉದ್ದೇಶ ಸಾಧುವೇ. ಫಲಿತಾಂಶ ನೋಡಿ: ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್‌ನಂಥ ದೊಡ್ಡ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಸೇವೆ ಹೊರದೇಶದ ಸರ್ವರುಗಳಿಂದ ಮುಂದುವರಿಯಿತು, ದಾಖಲೆ ಮಾತ್ರ ಇಲ್ಲಿಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ವೃತ್ತಿಪರ ಕಳ್ಳ ಇದಕ್ಕೆ ಸಿಕ್ಕಿಬೀಳುವುದಿಲ್ಲ. ನಿಯಮ ಪಾಲಿಸುವ ಕಂಪನಿಯ ನಿಯಮ ಪಾಲಿಸುವ ಗ್ರಾಹಕನ ವಿವರ ಮಾತ್ರ ಐದು ವರ್ಷ ಕಡತದಲ್ಲಿ ಕೂರುತ್ತದೆ, ಸೋರಿಹೋಗಲು ಕಾದುಕೊಂಡು.

'ಹಾಗಾದರೆ ಪೊಲೀಸರು ಕೈಕಟ್ಟಿ ಕೂರಬೇಕೆ?' ಎಂದು ಕೇಳಬಹುದು. ಬೇಕಿಲ್ಲ. ಗಾಳ ಅವರ ಕೈಯಲ್ಲೇ ಇದೆ. ಸಿಲ್ಕ್ ರೋಡ್ ಎಂಬ ಮಾದಕ ವಸ್ತುಗಳ ಮಾರುಕಟ್ಟೆ ಟಾರ್ ಒಳಗೆ ನಡೆಯುತ್ತಿತ್ತು. 2013ರಲ್ಲಿ ಅದನ್ನು ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್ ಬಂಧನಕ್ಕೆ ದಾರಿ ಮಾಡಿದ ಮುಖ್ಯ ಸುಳಿವು, ಅವನು ಆರಂಭದ ದಿನಗಳಲ್ಲಿ ಸಾರ್ವಜನಿಕ ತಾಣವೊಂದರಲ್ಲಿ ತನ್ನ ಹೆಸರಿದ್ದ ಇಮೇಲ್ ವಿಳಾಸ ಕೊಟ್ಟದ್ದು. ಅಪರಾಧ ಪರದೆಯೊಳಗೇ ಮುಗಿಯುವುದಿಲ್ಲ. ಸರಕು ಕೈಬದಲಾಗಬೇಕು, ಹಣ ಎಲ್ಲೋ ಜಮೆಯಾಗಬೇಕು. ನಮ್ಮಲ್ಲಿ 'ಡಿಜಿಟಲ್ ಅರೆಸ್ಟ್' ಹೆಸರಿನಲ್ಲಿ ಹಿರಿಯರ ಉಳಿತಾಯ ದೋಚುವವರ ಮುಖ್ಯ ಬಂಡವಾಳ ಬೇರೆಯವರ ಹೆಸರಿನ ಸಿಮ್ ಮತ್ತು ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆ. ಎರಡೂ ಗುರುತಿನ ಚೀಟಿ ಕೊಟ್ಟೇ ಪಡೆದಂಥವು. ಎಲ್ಲರ ಗುರುತು ದಾಖಲಿಸಿದ ಮಾತ್ರಕ್ಕೆ ಮೋಸ ನಿಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

'ಮುಚ್ಚಿಡಲು ಏನಿದೆ?' ಎಂಬ ಪ್ರಶ್ನೆಯಲ್ಲೇ ಒಂದು ಊಹೆ ಅಡಗಿದೆ: ಮುಚ್ಚಿಟ್ಟದ್ದೆಲ್ಲ ತಪ್ಪು ಎಂದು. ಮತಪೆಟ್ಟಿಗೆಯ ಮುಂದಿನ ರಟ್ಟಿನ ಮರೆಯನ್ನು ನಾವು ತಪ್ಪೆನ್ನುವುದಿಲ್ಲ. ಅಲ್ಲಿ ಗೌಪ್ಯತೆ ಇರುವುದು ಮತದಾರ ಕಳ್ಳನೆಂದಲ್ಲ, ಊರ ಗೌಡನ ಕಣ್ಣು ಉದ್ದವೆಂದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ರಾಜ್ಯದ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ತಲೆಮರೆಸಿಕೊಳ್ಳಬೇಕಾದ ಕಾರಣವೇನೂ ಅವರಿಗಿರಲಿಲ್ಲ. ಅದೇ ತೀರ್ಪು ಈ ಹಕ್ಕು ಅಪರಿಮಿತವಲ್ಲವೆಂದೂ ಹೇಳಿದೆ: ಕಾನೂನಿನ ಆಧಾರವಿದ್ದು, ಉದ್ದೇಶ ನ್ಯಾಯವಾಗಿದ್ದು, ಕ್ರಮ ಆ ಉದ್ದೇಶಕ್ಕೆ ಅಳತೆ ಮೀರದಿದ್ದರೆ ಪ್ರಭುತ್ವ ಇಣುಕಬಹುದು. ಸಂವಿಧಾನದ ಭಾಷೆಯಲ್ಲಿ ಗಾಳಕ್ಕೆ ಅನುಮತಿ ಇದೆ. ಬಲೆ ಬೀಸುವವನು ಸಮಜಾಯಿಷಿ ಕೊಡಬೇಕು.

ಗುಂಪಿನ ತರ್ಕವನ್ನು ಇಲ್ಲಿಗೆ ತಂದರೆ ಎರಡನೆಯ ನಂಬಿಕೆಯೂ ತಲೆಕೆಳಗಾಗುತ್ತದೆ. ಮುಚ್ಚಿಡಲು ಏನೂ ಇಲ್ಲದವರೆಲ್ಲ ಈ ಸಾಧನಗಳಿಂದ ದೂರ ಉಳಿದರೆ, ಬಳಸುವ ಪ್ರತಿಯೊಬ್ಬರೂ ಶಂಕಿತರಾಗುತ್ತಾರೆ. ಹಗರಣದ ಕಾಗದ ಕೈಗೆ ಬಂದ ಗುಮಾಸ್ತ, ಎಚ್‌ಐವಿ ಪರೀಕ್ಷೆ ಎಲ್ಲಿ ಮಾಡಿಸಲಿ ಎಂದು ಹುಡುಕುವ ಹುಡುಗ, ಇಂಥವರು ಖಾಲಿ ಬೀದಿಯ ಮುಸುಕುಧಾರಿಗಳಾಗಿಬಿಡುತ್ತಾರೆ. ಅಡುಗೆಯ ವಿಧಾನವನ್ನೋ ಕ್ರಿಕೆಟ್ ಸ್ಕೋರನ್ನೋ ಟಾರ್‌ನಲ್ಲಿ ನೋಡುವ ನಿರುಪದ್ರವಿ ಮನುಷ್ಯನೇ ಅವರ ಸುತ್ತ ಜಾತ್ರೆ ನೆರೆಸುವವನು. ಪ್ರಾಮಾಣಿಕನಿಗೆ ಇದು ಬೇಡವೆನ್ನುವ ಮಾತು, ನಿಜವಾಗಿ ಬೇಕಾದವರ ಮರೆಯನ್ನು ಕಿತ್ತುಕೊಳ್ಳುವ ಮಾತು.

ಹಾಗಾಗಿ ಸಾಧನದ ಹೆಸರು ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಒಂದು, ನನ್ನನ್ನು ಯಾರು ನೋಡಬಾರದು? ಎರಡು, ಅವರು ನೋಡದಂತೆ ಮಾಡಲು ನಾನು ಹೊಸದಾಗಿ ಯಾರನ್ನು ನಂಬಬೇಕಾಗುತ್ತದೆ? ಮೂರು, ನನ್ನ ಹಾಗೆಯೇ ಕಾಣುವವರು ಅಲ್ಲಿ ಎಷ್ಟು ಜನರಿದ್ದಾರೆ? ದಾವಣಗೆರೆಯ ಆ ಹೆಣ್ಣುಮಗಳು ಮೊದಲನೆಯದಕ್ಕೆ 'ಗಂಡ' ಎಂದು ಉತ್ತರಿಸಿ ಖಾಸಗಿ ಕಿಟಕಿ ತೆರೆದಳೆಂದರೆ, ಎರಡನೆಯ ಪ್ರಶ್ನೆಗೆ 'ಯಾರನ್ನೂ ಇಲ್ಲ' ಎಂಬುದೇ ಉತ್ತರ. ಮೂರನೆಯದು ಅವಳ ಕೈಯಲ್ಲಿಲ್ಲ. ಅದು ಉಳಿದ ನಮ್ಮೆಲ್ಲರ ಕೈಯಲ್ಲಿದೆ: ಎಂಥೆಂಥ ಕ್ಷುಲ್ಲಕ ಕೆಲಸಕ್ಕೂ ಆ ಕಿಟಕಿಯನ್ನು ಎಲ್ಲರೂ ತೆರೆಯುವ ಮನೆಯಲ್ಲಿ, ಅವಳು ಅದನ್ನು ತೆರೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.